ಹಾಸಿಗೆ ಬಿಟ್ಟು ಏಳಲಾಗದ ತಾಯಿಯನ್ನು ನೋಡಲು ವೈದ್ಯರು ಮನೆಗೇ ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ: ತಿಪಟೂರಿನ ಮಗ

ನನ್ನ ತಾಯಿಗೆ ಈಗ 86 ವರ್ಷ. ತಿಪಟೂರಿನಲ್ಲಿ ಅಣ್ಣ ಅತ್ತಿಗೆಯರ ಜೊತೆ ಇದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತೇನೆ. ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಅಮ್ಮನ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೂ ಇಬ್ಬರು ಹಿಡಿದುಕೊಂಡರೆ ವಾಕರ್ ಊರಿ ನಾಲ್ಕು ಹೆಜ್ಜೆ ಇಡುತ್ತಾರೆ, ಅಷ್ಟೆ. ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಮರೆವು ಹೆಚ್ಚುತ್ತಿದೆ, ತೂಕ ಇಳಿಯುತ್ತಿದೆ.

ಕಳೆದ ತಿಂಗಳು ಮಾಮೂಲಿ ತಪಾಸಣೆಗೆಂದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಂಬುಲೆನ್ಸ್ ಬಾಡಿಗೆ, ಗಾಲಿಕುರ್ಚಿಯಲ್ಲಿ ನಾಲ್ಕು ಗಂಟೆಯ ಕಾಯುವಿಕೆ, ವೈದ್ಯರ ಮುಂದೆ ಐದು ನಿಮಿಷ, ಹಳೆಯ ಮಾತ್ರೆಗಳನ್ನೇ ಮುಂದುವರಿಸಿ ಎಂಬ ಚೀಟಿ. ಮನೆಗೆ ಬಂದ ಮೇಲೆ ಮೂರು ದಿನ ಅಮ್ಮನಿಗೆ ಹಗಲು ರಾತ್ರಿಯ ಪರಿವೆಯೇ ಇರಲಿಲ್ಲ. ಅತ್ತಿಗೆಯನ್ನು ತೀರಿಹೋದ ತಮ್ಮ ತಂಗಿಯ ಹೆಸರಿನಿಂದ ಕರೆಯುತ್ತಿದ್ದರು. ಪೃಷ್ಠದ ಮೇಲೆ ಒಂದು ಕೆಂಪು ಮಚ್ಚೆಯೂ ಕಾಣಿಸಿಕೊಂಡಿದೆ. ಅಣ್ಣನಿಗೇ 64 ವರ್ಷ, ಅವನ ಬೆನ್ನು ನೋವೂ ಈಗ ಜೋರಾಗಿದೆ.

ಇಂಥವರನ್ನು ವೈದ್ಯರು ಮನೆಗೇ ಬಂದು ನೋಡುವ ವ್ಯವಸ್ಥೆಯನ್ನು ನಮ್ಮಂಥ ಸಣ್ಣ ಊರಿನಲ್ಲಿ ಮಾಡಿಕೊಳ್ಳಬಹುದೇ? ಹಾಗೆ ಬಂದವರಿಂದ ನಾವು ಏನನ್ನು ನಿರೀಕ್ಷಿಸಬೇಕು? ನೆಂಟರಲ್ಲಿ ಕೆಲವರು ‘ಆಸ್ಪತ್ರೆಗೆ ತೋರಿಸದೆ ಮನೆಯಲ್ಲೇ ಇಟ್ಟುಕೊಂಡಿದ್ದಾರೆ’ ಎನ್ನುತ್ತಾರೆ. ಆ ಮಾತು ಅಣ್ಣನನ್ನು ತುಂಬ ನೋಯಿಸಿದೆ. ನಾವು ಮಾಡುತ್ತಿರುವುದು ಸರಿಯೋ ತಪ್ಪೋ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಕುಟುಂಬ ವೈದ್ಯ, ಹಾಸನ

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ಮಾಡುತ್ತಿರುವುದು ತಪ್ಪಲ್ಲ. ಇಷ್ಟು ನಿತ್ರಾಣರಾದವರಿಗೆ ಬರಿಯ ಬಿಪಿ ನೋಡಿಸಲು ಅರ್ಧ ದಿನದ ಪ್ರಯಾಣ ಮಾಡಿಸುವುದರಿಂದ ಆಗುವ ಲಾಭಕ್ಕಿಂತ ಹಾನಿಯೇ ಹೆಚ್ಚು, ಮತ್ತು ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ.

ಆದರೆ ಆ ಮೂರು ದಿನದ ಗೊಂದಲವನ್ನು ‘ವಯಸ್ಸಾಯಿತು, ಅರಳುಮರಳು’ ಎಂದು ಬಿಟ್ಟುಬಿಡಬೇಡಿ. ಮರೆವು ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಬರುವಂಥದ್ದು. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಮನಸ್ಸು ಕದಡಿತೆಂದರೆ ಅದಕ್ಕೆ ದೇಹದಲ್ಲಿ ಒಂದು ಕಾರಣವನ್ನು ಹುಡುಕಲೇಬೇಕು: ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು, ಕಟ್ಟಿಕೊಂಡ ಮಲ ಅಥವಾ ಮೂತ್ರ, ನೀರು ಕಡಿಮೆಯಾಗಿರುವುದು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿದಿರುವುದು, ಹೊಸದಾಗಿ ಸೇರಿಸಿದ ಮಾತ್ರೆ. ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ಪರೀಕ್ಷಿಸಿ ತಿಳಿಯಬಹುದು. ರಕ್ತ ಮತ್ತು ಮೂತ್ರದ ಮಾದರಿಯನ್ನು ಮನೆಗೆ ಬಂದು ಒಯ್ಯುವ ಪ್ರಯೋಗಾಲಯಗಳು ಈಗ ತಾಲ್ಲೂಕು ಕೇಂದ್ರಗಳಲ್ಲಿಯೂ ಇವೆ.

ವಾರಕ್ಕೆ ಎರಡು ಮಧ್ಯಾಹ್ನಗಳನ್ನು ನಾನು ಮನೆಭೇಟಿಗೆಂದೇ ಇಟ್ಟುಕೊಂಡಿದ್ದೇನೆ. ದವಾಖಾನೆಯಲ್ಲಿ ವರ್ಷಗಟ್ಟಲೆ ನೋಡಿದ ರೋಗಿಯ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಗಳು ಅವರ ಮನೆಯ ಮೊದಲ ಭೇಟಿಯಲ್ಲೇ ತಿಳಿದದ್ದುಂಟು. ಬಿಪಿ ಹತೋಟಿಗೆ ಬರುತ್ತಿಲ್ಲವೆಂದು ಹಿರಿಯರೊಬ್ಬರ ಮಾತ್ರೆಯನ್ನು ನಾನೇ ಎರಡು ಸಲ ಹೆಚ್ಚಿಸಿದ್ದೆ. ಮನೆಗೆ ಹೋಗಿ ನೋಡಿದರೆ ಗೂಡಿನಲ್ಲಿ ಮೂರು ಬೇರೆ ಬೇರೆ ಆಸ್ಪತ್ರೆಗಳ ಚೀಟಿಗಳಿದ್ದವು, ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಡಬ್ಬಿಯಲ್ಲಿತ್ತು. ಅವರು ಎರಡನ್ನೂ ಕೆಲವು ದಿನ ನುಂಗಿ, ತಲೆಸುತ್ತಿದ ದಿನ ಎಲ್ಲವನ್ನೂ ಬಿಡುತ್ತಿದ್ದರು. ದವಾಖಾನೆಯ ಮೇಜಿನಾಚೆ ಕುಳಿತು ನಾನು ಅದನ್ನು ಎಂದಿಗೂ ಕಂಡುಹಿಡಿಯುತ್ತಿರಲಿಲ್ಲ.

ಆದ್ದರಿಂದ ಬಂದ ವೈದ್ಯರ ಮುಂದೆ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ, ನಾಟಿ ಮತ್ತು ಆಯುರ್ವೇದದ್ದನ್ನೂ ಸೇರಿಸಿ, ಒಂದು ತಟ್ಟೆಯಲ್ಲಿ ಹರವಿಡಿ. ಯಾವುದನ್ನು ನಿಲ್ಲಿಸಬಹುದು ಎಂದು ಕೇಳಿ; ಏನನ್ನು ಸೇರಿಸಬೇಕೆಂಬುದು ಆಮೇಲಿನ ಮಾತು. ನಿದ್ದೆ ಮಾತ್ರೆಗಳು, ನೆಗಡಿ ತುರಿಕೆಗಳಿಗೆ ಕೊಡುವ ಹಳೆಯ ಬಗೆಯ ಮಾತ್ರೆಗಳು, ಗ್ಲಿಬೆನ್‌ಕ್ಲಮೈಡ್‌ನಂತೆ ದೀರ್ಘಕಾಲ ಸಕ್ಕರೆಯನ್ನು ಇಳಿಸುವ ಔಷಧಿಗಳು ಈ ವಯಸ್ಸಿನವರನ್ನು ಬೀಳಿಸುತ್ತವೆ, ಕಂಗೆಡಿಸುತ್ತವೆ. ನಿಮ್ಮ ತಾಯಿಯಂಥವರಿಗೆ ಮೂರು ತಿಂಗಳ ಸರಾಸರಿ ಸಕ್ಕರೆ (HbA1c ಪರೀಕ್ಷೆಯ ಅಂಕಿ) 7ರ ಒಳಗೇ ಇರಬೇಕೆಂಬ ಹಟ ಬೇಡ. 8ರ ಆಸುಪಾಸಿನಲ್ಲಿದ್ದರೆ ಸಾಕೆಂದು ನಾವು ಒಪ್ಪುತ್ತೇವೆ, ಏಕೆಂದರೆ ಸಕ್ಕರೆ ಏಕಾಏಕಿ ಇಳಿಯುವುದು ಅವರಿಗೆ ಹೆಚ್ಚು ಅಪಾಯಕಾರಿ.

ಬಿಪಿಯನ್ನು ಮಲಗಿದ್ದಾಗ ಒಮ್ಮೆ, ಎಬ್ಬಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20ರಷ್ಟು ಇಳಿದರೆ ಬೀಳುವುದಕ್ಕೆ ಅದೇ ಕಾರಣವಾಗಿರಬಹುದು. ಹಿಮ್ಮಡಿ, ಪೃಷ್ಠ, ಸೊಂಟದ ಮೂಳೆಯ ಮೇಲಿನ ಚರ್ಮವನ್ನು ಬಟ್ಟೆ ಸರಿಸಿ ನೋಡದೆ ಹೋಗುವ ಭೇಟಿ ಅರ್ಧ ಭೇಟಿ. ಕಿವಿಯಲ್ಲಿ ಗುಗ್ಗೆ ತುಂಬಿದೆಯೇ, ತೂಕ ಇಳಿದು ಹಲ್ಲಿನ ಸೆಟ್ ಸಡಿಲವಾಗಿ ಊಟ ಕಡಿಮೆಯಾಗಿದೆಯೇ ಎಂಬುದನ್ನೂ ನೋಡಬೇಕು. ಮಂಚದಿಂದ ಬಚ್ಚಲಿನವರೆಗೆ ನಾನು ಒಮ್ಮೆ ನಡೆದು ನೋಡುತ್ತೇನೆ: ಹೊಸ್ತಿಲು ಎಷ್ಟು ಎತ್ತರ, ರಾತ್ರಿ ದೀಪವಿದೆಯೇ, ಹಿಡಿದುಕೊಳ್ಳಲು ಏನಿದೆ.

ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲಿನ ಬಲ ತಟ್ಟನೆ ಹೋಗುವುದು, ಬಿದ್ದ ಮೇಲೆ ಹೊಸ ನೋವು, ನಿಲ್ಲದ ರಕ್ತಸ್ರಾವ: ಇವುಗಳಿಗೆ ಮನೆಭೇಟಿಗೆ ಕಾಯಬಾರದು, 108ಕ್ಕೆ ಕರೆ ಮಾಡಬೇಕು.

ಮನೆಗೆ ಬರಲು ಅನೇಕ ವೈದ್ಯರು ಒಪ್ಪುವುದಿಲ್ಲ. ಏಕೆಂದರೆ, ಒಂದು ಮನೆಗೆ ಹೋಗಿಬರುವಷ್ಟರಲ್ಲಿ ದವಾಖಾನೆಯಲ್ಲಿ ಹತ್ತು ಹದಿನೈದು ಜನ ಕಾಯುತ್ತಿರುತ್ತಾರೆ. ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ತಮ್ಮ ಮೇಲೆ ಬರುತ್ತದೆಂಬ ಭಯವೂ ಇದೆ. ಹತ್ತಿರದ ಬೀದಿಯಲ್ಲಿರುವ ಒಬ್ಬರನ್ನೇ ಆರಿಸಿಕೊಳ್ಳಿ. ತುರ್ತಿಗಲ್ಲ, ನಾಲ್ಕಾರು ವಾರಕ್ಕೊಮ್ಮೆ ಅವರ ಬಿಡುವಿನ ಹೊತ್ತಿಗೆ ಸಾಕು ಎಂದು ಕೇಳಿ. ಶುಲ್ಕವನ್ನು ಮೊದಲೇ ಮಾತನಾಡಿಕೊಳ್ಳಿ. ನಡುವಿನ ದಿನಗಳಲ್ಲಿ ವಿಡಿಯೊ ಕರೆಯಲ್ಲಿ ಸಲಹೆ ಪಡೆಯಲು 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ರೋಗಿಯ ಪರವಾಗಿ ಆರೈಕೆ ಮಾಡುವವರು ಮಾತನಾಡುವುದನ್ನೂ ಅದು ಒಪ್ಪುತ್ತದೆ.

ಉತ್ತರ: ಧಾರವಾಡದ ಸೊಸೆ

ಡಾಕ್ಟರ್ ಅವರು ‘ಒಬ್ಬರನ್ನೇ’ ಎಂದ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮ ಮಾವನವರು ಮೂರು ವರ್ಷ ಹಾಸಿಗೆಯಲ್ಲಿದ್ದರು. ಮೊದಲು ನಾವು ಮನೆಗೆ ವೈದ್ಯರನ್ನು ಕಳಿಸುವ ಒಂದು ಸಂಸ್ಥೆಗೆ ಹಣ ಕಟ್ಟಿದೆವು. ನಾಲ್ಕು ಭೇಟಿಗೆ ನಾಲ್ವರು ಹೊಸ ವೈದ್ಯರು ಬಂದರು. ಪ್ರತಿಯೊಬ್ಬರಿಗೂ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು, ಪ್ರತಿಯೊಬ್ಬರೂ ಒಂದೊಂದು ಮಾತ್ರೆ ಕೂಡಿಸಿದರು. ಏಳು ಇದ್ದದ್ದು ಹನ್ನೊಂದಾಯಿತು. ಆಮೇಲೆ ನಮ್ಮ ಓಣಿಯವರೇ ಆದ ಹಿರಿಯ ವೈದ್ಯರೊಬ್ಬರು ಒಪ್ಪಿಕೊಂಡರು. ಅವರು ಅದನ್ನು ಐದಕ್ಕೆ ಇಳಿಸಿದ ಮೇಲೆ ಮಾವನವರು ಹಗಲಿನಲ್ಲಿ ಎಚ್ಚರವಾಗಿದ್ದು ನಮ್ಮೊಂದಿಗೆ ಮಾತನಾಡತೊಡಗಿದರು.

ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ದಿಂಬಿನ ಪಕ್ಕದಲ್ಲೇ ಇಡಿ. ಊಟ ಎಷ್ಟು, ಮೂತ್ರ ಎಷ್ಟು ಸಲ, ಮಲ ಯಾವಾಗ, ನಿದ್ದೆ ಹೇಗೆ, ಬಂದ ವೈದ್ಯರು ಏನು ಹೇಳಿದರು, ಎಲ್ಲವನ್ನೂ ದಿನಾಂಕ ಹಾಕಿ ಬರೆಯಿರಿ. ಬೆಂಗಳೂರಿನಿಂದ ಬಂದ ನೀವು ಹೇಳುವುದಕ್ಕೂ, ರಾತ್ರಿ ಎದ್ದು ನೋಡಿದ ನಿಮ್ಮ ಅತ್ತಿಗೆ ಹೇಳುವುದಕ್ಕೂ ವ್ಯತ್ಯಾಸವಿರುತ್ತದೆ. ವೈದ್ಯರು ಬಂದಾಗ ಅತ್ತಿಗೆಯೇ ಮಾತನಾಡಲಿ.

ಕೆಂಪು ಮಚ್ಚೆಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಅಂಗಡಿಯವರ ಮಾತು ಕೇಳಿ ಬಳೆಯಾಕಾರದ ರಬ್ಬರ್ ಟ್ಯೂಬನ್ನು ತಂದು ಅದರ ಮೇಲೆ ಕೂರಿಸಿದೆವು, ಮಚ್ಚೆಗೆ ಎಣ್ಣೆ ಹಚ್ಚಿ ತಿಕ್ಕಿದೆವು. ಎರಡೂ ಕೆಡುಕು. ಟ್ಯೂಬಿನ ಅಂಚು ಸುತ್ತಲಿನ ರಕ್ತ ಹರಿಯುವಿಕೆಯನ್ನು ತಡೆಯುತ್ತದೆ, ತಿಕ್ಕಿದರೆ ಒಳಗಿನ ಚರ್ಮ ಇನ್ನಷ್ಟು ಘಾಸಿಯಾಗುತ್ತದೆ. ಹುಣ್ಣು ಒಡೆದ ಮೇಲೆ ಮಾಯಲು ಐದು ತಿಂಗಳು ಬೇಕಾಯಿತು.

ಇನ್ನೊಂದು ಮಾತು. ಮಾವನವರ ಪಂಚೆ ಸರಿಸುವ ಮೊದಲು ಆ ಹಿರಿಯ ವೈದ್ಯರು ‘ರಾಯರೇ, ನೋಡಲೇ?’ ಎಂದು ಅವರನ್ನೇ ಕೇಳುತ್ತಿದ್ದರು. ಉತ್ತರ ಬಾರದ ದಿನಗಳಲ್ಲೂ ಕೇಳುತ್ತಿದ್ದರು. ಹೊರಡುವ ಮುನ್ನ ನನ್ನ ಕಡೆ ತಿರುಗಿ ‘ನಿನ್ನೆ ರಾತ್ರಿ ಎಷ್ಟು ತಾಸು ಮಲಗಿದಿರಿ?’ ಎನ್ನುತ್ತಿದ್ದರು. ಅದನ್ನು ಆವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ಉತ್ತರ: ಶುಶ್ರೂಷಕಿ, ಕಾಸರಗೋಡು

ನಾನು ಕಾಸರಗೋಡಿನ ಕನ್ನಡದವಳು. ಪಂಚಾಯತಿಯ ಉಪಶಾಮಕ ಆರೈಕೆ (ದೀರ್ಘ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ತಂಡದಲ್ಲಿದ್ದು ಮನೆಮನೆಗೆ ಹೋಗುವುದೇ ನನ್ನ ಕೆಲಸ. ಕೇರಳ ಸರ್ಕಾರ 2008ರಲ್ಲಿ ಇದಕ್ಕೆಂದೇ ನೀತಿಯೊಂದನ್ನು ರೂಪಿಸಿದ ಮೇಲೆ, ಹಾಸಿಗೆ ಹಿಡಿದವರ ಮನೆಗೆ ದಾದಿ ಹೋಗುವುದು ಇಲ್ಲಿ ಸ್ಥಳೀಯ ಸಂಸ್ಥೆಗಳ ಹೊಣೆಯಾಯಿತು. ನಮ್ಮ ಚೀಲದಲ್ಲಿ ಕ್ಯಾತಿಟರ್ (ಮೂತ್ರದ ನಳಿಕೆ), ಮೂಗಿನ ನಳಿಕೆ, ಹುಣ್ಣಿಗೆ ಕಟ್ಟುವ ಸಾಮಗ್ರಿ ಇರುತ್ತವೆ. ನಿಜ ಹೇಳಬೇಕೆಂದರೆ ಇಂಥ ಮನೆಗಳಿಗೆ ವೈದ್ಯರಿಗಿಂತ ಹೆಚ್ಚು ಸಲ ಬೇಕಾಗುವವರು ದಾದಿ ಮತ್ತು ಫಿಸಿಯೊಥೆರಪಿಯವರು.

ಕರ್ನಾಟಕದಲ್ಲಿ ನೀವು ತಟ್ಟಬಹುದಾದ ಬಾಗಿಲು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮತ್ತು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ. 2010ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಮನೆಯಿಂದ ಹೊರಬರಲಾಗದ ವೃದ್ಧರನ್ನು ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ ನೋಡಬೇಕೆಂದು ಬರೆದಿದೆ. ಹಾಗೆ ಬರೆದಿರುವುದನ್ನು ಹೇಳಿ, ತಾಯಿಯ ಹೆಸರನ್ನು ಹಾಸಿಗೆ ಹಿಡಿದವರ ಪಟ್ಟಿಗೆ ಸೇರಿಸಿ ಎಂದು ವೈದ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಮುಖ್ಯವಾಗಿ ಬಿಪಿ, ಸಕ್ಕರೆಯಂಥ ಕಾಯಿಲೆಗಳ ತಪಾಸಣೆಗೆ ಇರುವಂಥದ್ದು. ಅದೇ ವರ್ಷದ ಅಕ್ಟೋಬರ್‌ನಲ್ಲಿ 70 ದಾಟಿದವರೆಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಕಾರ್ಡಿನ 5 ಲಕ್ಷ ರೂಪಾಯಿ ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚಿಗೆ. ಕಾರ್ಡ್ ಮಾಡಿಸಿಡಿ, ಆದರೆ ಮನೆಭೇಟಿಯ ಶುಲ್ಕ ಅದರಲ್ಲಿ ಬರುವುದೆಂದು ತಿಳಿಯಬೇಡಿ.

ಆ ಕೆಂಪು ಮಚ್ಚೆಯನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗಲೂ ಬಿಳಿಚಿಕೊಳ್ಳದೆ ಕೆಂಪಾಗಿಯೇ ಇದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕಾಲಿನ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಮೋಟರ್ ಇರುವ ಏರ್ ಬೆಡ್ ಬಾಡಿಗೆಗೂ ಸಿಗುತ್ತದೆ. ಅದನ್ನು ಹಾಕಿದರೂ ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ರಸ್ತೆಯ ಕೊನೆಯಲ್ಲಿ ದವಾಖಾನೆ ಇಟ್ಟಿರುವ ವೈದ್ಯರೊಬ್ಬರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಬರಲು ಒಪ್ಪಿದ್ದಾರೆ. ಮೊದಲ ದಿನವೇ ಅಮ್ಮನ ಬಿಪಿ ಮಲಗಿದ್ದಾಗ 134, ಎದ್ದು ನಿಂತಾಗ 102 ಇತ್ತು. ಒಂದು ಬಿಪಿ ಮಾತ್ರೆಯನ್ನೂ ರಾತ್ರಿಯ ನಿದ್ದೆ ಮಾತ್ರೆಯನ್ನೂ ಹಂತಹಂತವಾಗಿ ನಿಲ್ಲಿಸುತ್ತಿದ್ದಾರೆ. ಮಚ್ಚೆ ಮಾಸುತ್ತಿದೆ. ಆಶಾ ಕಾರ್ಯಕರ್ತೆ ಎರಡು ಸಲ ಬಂದುಹೋದರು. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.

ಅಮ್ಮ ಸ್ಪಷ್ಟವಾಗಿದ್ದ ಒಂದು ಸಂಜೆ ‘ನನ್ನನ್ನು ಮತ್ತೆ ಅಲ್ಲಿಗೆ ಒಯ್ಯಬೇಡಿ, ಇಲ್ಲಿಯೇ ಇರುತ್ತೇನೆ’ ಎಂದರು. ಅಣ್ಣ ಮಾತು ಬದಲಿಸಿದ. ನನಗೆ ಕೇಳಲೇಬೇಕೆನಿಸುತ್ತಿದೆ: ಮನೆಯಲ್ಲೇ ಆ ಸಮಯ ಬಂದರೆ ನಾವು ಏನು ಮಾಡಬೇಕು?

ಉತ್ತರ: ಕುಟುಂಬ ವೈದ್ಯ, ಹಾಸನ

ಮಾತು ಬದಲಿಸಿದ ನಿಮ್ಮ ಅಣ್ಣನವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೂ ಮುಂದಿನ ಭಾನುವಾರ ವೈದ್ಯರ ಎದುರಿನಲ್ಲಿ, ಅಮ್ಮನ ಬಳಿಯೇ ಕುಳಿತು, ಎಲ್ಲರೂ ಸೇರಿ ಇದನ್ನು ಮಾತನಾಡಿ. ಎಂಥ ತೊಂದರೆಗೆ ಆಸ್ಪತ್ರೆಗೆ ಹೋಗಬೇಕು, ಎಂಥದ್ದಕ್ಕೆ ಬೇಡ ಎಂದು ಅವರು ಬಯಸುತ್ತಾರೆ ಎಂಬುದನ್ನು ಕೇಳಿ ಆ ನೋಟ್‌ಬುಕ್ಕಿನಲ್ಲಿಯೇ ಬರೆದಿಡಿ. ಸೊಂಟದ ಮೂಳೆ ಮತ್ತೆ ಮುರಿದರೆ ನೋವು ತಗ್ಗಿಸಲಿಕ್ಕಾದರೂ ಹೋಗಬೇಕಾದೀತು. ಅದನ್ನೂ ಅವರಿಗೆ ಈಗಲೇ ಹೇಳಿ.

ಮನೆಯಲ್ಲಿ ಸಾವು ಸಂಭವಿಸಿದರೆ, ಕೊನೆಯ ಕಾಯಿಲೆಯಲ್ಲಿ ನೋಡಿಕೊಳ್ಳುತ್ತಿದ್ದ ವೈದ್ಯರು ಕಾರಣವನ್ನು ನಮೂನೆ 4ಎಯಲ್ಲಿ ಬರೆದುಕೊಡುತ್ತಾರೆ. ಅದಕ್ಕೆ ಶುಲ್ಕವಿಲ್ಲ. 21 ದಿನಗಳೊಳಗೆ ಮರಣ ನೋಂದಣಿಯಾಗಬೇಕು. ವರ್ಷಗಟ್ಟಲೆ ಯಾವ ವೈದ್ಯರೂ ನೋಡದಿದ್ದ ಮನೆಗಳವರು ಆ ದಿನ ಚೀಟಿಗಾಗಿ ಊರೆಲ್ಲ ಅಲೆಯುವುದನ್ನು ನಾನು ಕಂಡಿದ್ದೇನೆ. ನಿಮ್ಮ ವೈದ್ಯರ ಫೋನ್ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಮತ್ತು ರಾತ್ರಿ ಎಷ್ಟು ಹೊತ್ತಿನವರೆಗೆ ಕರೆ ಮಾಡಬಹುದೆಂದು ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ.