ಒಬ್ಬಳೇ ನಡೆಸುವ ಕೌನ್ಸೆಲಿಂಗ್ ಕ್ಲಿನಿಕ್‌ಗೆ ಈ ಆಟೋಮೇಷನ್ ಎಲ್ಲ ಬೇಕಾ?

ಬೆಂದೂರ್‌ವೆಲ್‌ನವಳು:
ನಮಸ್ಕಾರ. ಮಂಗಳೂರಿನ ಬೆಂದೂರ್‌ವೆಲ್ ಹತ್ರ ಮೂರು ವರ್ಷದಿಂದ ಕ್ಲಿನಿಕ್ ಉಂಟು. ಒಂದು ರೂಮು, ಹೊರಗೆ ಎರಡು ಕುರ್ಚಿ, ಒಳಗೆ ನಾನು. (ಮೊದಲು 'ಥೆರಪಿಸ್ಟ್' ಅಂತ ಬೋರ್ಡ್ ಹಾಕಿದ್ದೆ. ಸೊಂಟನೋವಿನವರು ಬರ್ಲಿಕ್ಕೆ ಶುರು ಮಾಡಿದ್ರು, ತೆಗೆಸಿದೆ.)

ಸೆಷನ್‌ನಲ್ಲಿರುವಾಗ ಫೋನ್ ಸೈಲೆಂಟ್. 50 ನಿಮಿಷ ಕಳೆದು ನೋಡಿದ್ರೆ ನಾಲ್ಕು ಮಿಸ್ಡ್ ಕಾಲ್. ತಿರುಗಿ ಮಾಡಿದ್ರೆ ಎತ್ತುವವರು ಒಬ್ಬರು. ಈ ವಿಷಯಕ್ಕೆ ಫೋನ್ ಮಾಡ್ಲಿಕ್ಕೆ ಜನರಿಗೆ ಧೈರ್ಯ ಬರುವುದೇ ಒಮ್ಮೆ.

ಜುಲೈಯಲ್ಲಿ ಇನ್ನೊಂದು ಪಾಡು. ಮಳೆಗೆ ಡಿಸಿ ಶಾಲೆಗಳಿಗೆ ರಜೆ ಕೊಟ್ಟದ್ದೇ ತಡ, ತಾಯಂದಿರ ಮೆಸೇಜು: 'ಇವತ್ತು ಆಗುದಿಲ್ಲ ಮೇಡಂ.' ಬಾಡಿಗೆಗೆ ಮಳೆ ರಜೆ ಇಲ್ಲ ನೋಡಿ.

ಒಂದು ಕಂಪೆನಿಯವರು ಬುಕಿಂಗ್, ರಿಮೈಂಡರ್, ಬಿಲ್ಲು, ಚಾಟ್‌ಬಾಟ್ ಎಲ್ಲ ಸೇರಿಸಿ ಕೊಡ್ತಾರಂತೆ. ತಿಂಗಳಿಗೆ ನನ್ನ ಮೂರು ಸೆಷನ್‌ನ ದುಡ್ಡು. ತಗೊಳ್ಳುದಾ?

ಕೋಡಿಂಗ್ ಬಿಟ್ಟವ:
ಪುಕ್ಕಟೆ ಸಿಗುವುದನ್ನು ಮೊದಲು ಹಿಂಡಿ ಮೇಡಂ. ಕ್ಲಿನಿಕ್‌ಗೆ ಬೇರೆ ಸಿಮ್, ಅದರಲ್ಲಿ ವಾಟ್ಸಾಪ್ ಬಿಸಿನೆಸ್. ನೀವು ಸೆಷನ್‌ನಲ್ಲಿರುವ ಹೊತ್ತಿಗೆ 'ಅವೇ (away) ಮೆಸೇಜ್', ಅಂದ್ರೆ 'ಈಗ ಸಿಗುದಿಲ್ಲ' ಅನ್ನುವ ಉತ್ತರ, ತಾನಾಗಿ ಹೋಗುವ ಹಾಗೆ ಇಡಬಹುದು. ಕಾಲ್‌ಗೆ ಅದು ಉತ್ತರ ಕೊಡುದಿಲ್ಲ, ಹಾಗಾಗಿ ಬೋರ್ಡಿನಲ್ಲೂ ಗೂಗಲ್ ಮ್ಯಾಪಿನಲ್ಲೂ 'ವಾಟ್ಸಾಪ್ ಮಾಡಿ' ಅಂತ ಬರೀರಿ. ಗ್ರೀಟಿಂಗ್ ಮೆಸೇಜ್ ಹಾಕುವಾಗ ಜಾಗ್ರತೆ: 14 ದಿನ ಮಾತುಕತೆ ಇಲ್ಲದವರಿಗೆ ಅದು ಪುನಃ ಹೋಗ್ತದೆ. ಒಂದು ವರ್ಷದಿಂದ ಬರುವವರಿಗೆ 'ಸ್ವಾಗತ, ನಿಮ್ಮ ಹೆಸರು?' ಅಂತ ಹೋದ್ರೆ ಚಂದ ಇಲ್ಲ ಮಾರಾಯ್ರೆ.

ಗೂಗಲ್ ಕ್ಯಾಲೆಂಡರ್‌ನಲ್ಲಿ ಒಂದು ಬುಕಿಂಗ್ ಪೇಜ್ ದುಡ್ಡಿಲ್ಲದೆ ಆಗ್ತದೆ. ಗಲ್ಫಿನವರು ಇದ್ರೆ ಇನ್ನೂ ಸುಲಭ. ದುಬೈಯಲ್ಲಿ ತೆರೆದವರಿಗೆ ದುಬೈ ಟೈಮೇ ಕಾಣ್ತದೆ, ಒಂದೂವರೆ ಗಂಟೆ ಕೂಡಿಸಿ ಕಳೆಯುವ ತಲೆಬಿಸಿ ಇಲ್ಲ.

ಖಾಲಿಯಾದ ಗಂಟೆ ತುಂಬಿಸ್ಲಿಕ್ಕೆ ಅಂತ ವಾಟ್ಸಾಪ್ ಗ್ರೂಪ್ ಮಾತ್ರ ಮಾಡ್ಬೇಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣ್ತದೆ.

ಕುಂಜಿಬೆಟ್ಟು ಅಕ್ಕ:
ನಾನು ಉಡುಪಿಯಲ್ಲಿ ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿ ಇರುವವಳು. ಅಂಥದ್ದೇ ಒಂದು ಸಾಫ್ಟ್‌ವೇರ್ ತಗೊಂಡಿದ್ದೆ. ಹಿಂದಿನ ದಿನ ರಾತ್ರಿ ಎಂಟಕ್ಕೆ ತಾನಾಗಿಯೇ ಮೆಸೇಜ್: 'ನಾಳೆ 4ಕ್ಕೆ ನಿಮ್ಮ ದಾಂಪತ್ಯ ಕೌನ್ಸೆಲಿಂಗ್ ಇದೆ.' ಒಬ್ಬಳ ಫೋನ್ ಊಟದ ಮೇಜಿನ ಮೇಲಿತ್ತು. ಅವಳು ಒಳಗೆ ಸಾರು ಬಿಸಿ ಮಾಡ್ತಿದ್ದಳಂತೆ, ಓದಿದ್ದು ಅತ್ತೆ. ಆಮೇಲೆ ಬರಲೇ ಇಲ್ಲ ಹುಡುಗಿ. ಇಷ್ಟೂ ಗೊತ್ತಾದದ್ದು ಅವಳು ತಿಂಗಳು ಬಿಟ್ಟು ಬೇರೆ ನಂಬರಿನಿಂದ ಹೇಳಿದಾಗ. ಯಂತ್ರವನ್ನು ಬೈದು ಪ್ರಯೋಜನ ಇಲ್ಲ, ಆ ಸಾಲು ಓದಿ 'ಸರಿ' ಅಂತ ಒತ್ತಿದ್ದು ನಾನೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಅಂತಲೇ ಹೇಳ್ತದೆ. ನಾನು ಅದರ ಮೇಲೆ ಕಾಲೇಜಿನಲ್ಲಿ ಭಾಷಣ ಬೇರೆ ಮಾಡಿದ್ದೆ!

ಚಾಟ್‌ಬಾಟ್ ಖಂಡಿತ ಬೇಡ. ರಾತ್ರಿ ಹನ್ನೊಂದಕ್ಕೆ ಅಳುತ್ತಾ ಬರೆದವರಿಗೆ 'ಬುಕಿಂಗ್‌ಗೆ 1 ಒತ್ತಿ' ಅನ್ನುದಾ? ಆ 'ಅವೇ ಮೆಸೇಜಿ'ನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಇರಲಿ. ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

ಸುಮ್ಮನೆ ಓದುವವ:
ನಾನು ಕುರ್ಚಿಯ ಆಚೆ ಬದಿಯವ, ಎರಡು ವರ್ಷ ಹೋಗಿದ್ದೇನೆ. ಲಿಂಕ್ ಒತ್ತಿ ಬುಕ್ ಮಾಡ್ಲಿಕ್ಕೆ ಆಯ್ತು ಅಂತಲೇ ಹೋದದ್ದು. ಮಾತಾಡಿ ಟೈಮ್ ತಗೊಳ್ಬೇಕಿದ್ರೆ ಇವತ್ತಿಗೂ ಹೋಗ್ತಿರ್ಲಿಲ್ಲ. ಫಾರ್ಮ್‌ನಲ್ಲಿ 'ನಿಮ್ಮ ಸಮಸ್ಯೆ ಏನು' ಅಂತ ಕೇಳ್ಬೇಡಿ. 'ತುಳು, ಕೊಂಕಣಿ, ಬ್ಯಾರಿ, ಕನ್ನಡ: ಯಾವುದರಲ್ಲಿ ಮಾತಾಡುವ?' ಅಂತ ಕೇಳಿ. ನನಗೆ ಅಳು ಬರುದು ತುಳುವಿನಲ್ಲಿ.

ಬೆಂದೂರ್‌ವೆಲ್‌ನವಳು:
ಎಲ್ಲರಿಗೂ ಉಪಕಾರ ಆಯ್ತು. ಕಂಪೆನಿಯವರಿಗೆ ಬೇಡ ಅಂದೆ. ಬುಕಿಂಗ್ ಪೇಜ್ ಮಾಡಿದ್ದೇನೆ, ಭಾಷೆಯ ಪ್ರಶ್ನೆ ಸೇರಿಸಿದೆ. ರಿಮೈಂಡರ್ 'ನಾಳೆ 4 ಗಂಟೆ ಸರಿಯಾ?' ಅಷ್ಟೇ, ಅದೂ ನಾನೇ ಕಳಿಸುದು. ಮಳೆ ರಜೆಗೆ ವಿಡಿಯೋ ಸೆಷನ್ ಕೊಡುವ ಅಂತ ಉಂಟು.

ಕುಂಜಿಬೆಟ್ಟು ಅಕ್ಕ:
ಮಕ್ಕಳೆಲ್ಲ ಮನೆಯಲ್ಲಿರುವ ದಿನ ಆ ತಾಯಿ ಎಲ್ಲಿ ಕೂತು ಮಾತಾಡುದು ತಂಗಿ? ವಾರದೊಳಗೆ ಬೇರೆ ದಿನ ಕೊಡಿ. ಮತ್ತೆ, ನಿಮ್ಮ ವಾಟ್ಸಾಪ್ ಪ್ರೊಫೈಲಿನ ಹೆಸರು ಎಂತ?

ಬೆಂದೂರ್‌ವೆಲ್‌ನವಳು:
ಅಯ್ಯೋ. ಹೆಸರಿನಲ್ಲೇ 'ಕೌನ್ಸೆಲಿಂಗ್' ಉಂಟು, ಫೋಟೋ ಕ್ಲಿನಿಕ್ ಬೋರ್ಡಿದ್ದು. ಈಗಲೇ ಬದಲಿಸ್ತೇನೆ. ಮನೆಯಂಗಳದ ದಾಸವಾಳದ್ದೊಂದು ಫೋಟೋ ಉಂಟು, ಸಾಕಲ್ವಾ?