ಸಹಾಯ ಬೇಕು: ಅವಳಿನಗರದಲ್ಲಿ ಒಳ್ಳೆಯ ಕ್ಲಾಸ್-ಡಿ ಆಂಪ್ಲಿಫೈಯರ್ ಎಲ್ಲಿ ಕೇಳಿ ನೋಡಬಹುದು?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ 16 ವರ್ಷ ದುಡಿದ ಕ್ಲಾಸ್-ಎಬಿ (ಹಳೆಯ, ಹೆಚ್ಚು ಕಾಯುವ ಬಗೆಯ) ಆಂಪ್ಲಿಫೈಯರಿನ ಎಡ ಚಾನೆಲ್ ಈ ಬೇಸಿಗೆಯಲ್ಲಿ ಕೈಕೊಟ್ಟಿತು. ಮೇಲಿನ ಜಾಲರಿಯ ಮೇಲೆ ಅಂಗೈ ಇಡಲಾಗದಷ್ಟು ಅದು ಕಾಯುತ್ತಿತ್ತು. ಆದ್ದರಿಂದ ಈ ಸಲ, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಸ್ವಿಚ್ಚಿನಂತೆ ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ತೆರೆದು ಮುಚ್ಚುತ್ತ, ಪೂರ್ಣ ಶಕ್ತಿಯಲ್ಲಿ ಶೇ. 90ರ ಆಸುಪಾಸಿನ ದಕ್ಷತೆ ತೋರುವ ಕ್ಲಾಸ್-ಡಿಯನ್ನೇ ಕೊಳ್ಳಬೇಕೆಂದಿದ್ದೇನೆ. (‘ಡಿ’ ಎಂದರೆ ಡಿಜಿಟಲ್ ಎಂದು ಅಂಗಡಿಯವರೊಬ್ಬರು ವಾದಿಸಿದರು, ಅದು ಎ, ಬಿ, ಸಿ ಆದ ಮೇಲಿನ ಅಕ್ಷರ, ಅಷ್ಟೆ.)

ಹಿಂದೆ ಇವು ಕೆಳಸ್ವರ ನುಡಿಸುವ ಸಬ್‌ವೂಫರ್‌ಗಷ್ಟೇ ಸರಿ ಎನ್ನುತ್ತಿದ್ದರು. ಈಗ ನೆದರ್‌ಲ್ಯಾಂಡ್ಸಿನ ಹೈಪೆಕ್ಸ್ ಮತ್ತು ಡೆನ್ಮಾರ್ಕಿನ ಪ್ಯೂರಿಫೈ ಕಂಪನಿಗಳ ಕ್ಲಾಸ್-ಡಿ ಮಾಡ್ಯೂಲ್‌ಗಳು ದುಬಾರಿ ಯಂತ್ರಗಳಲ್ಲೇ ಬರುತ್ತಿವೆ. ಉದಾಹರಣೆಗೆ, ನ್ಯಾಡ್ ಕಂಪನಿಯ ಸಿ 298 ಆಂಪ್ಲಿಫೈಯರಿನೊಳಗೆ ಇರುವುದು ಪ್ಯೂರಿಫೈಯ ಐಗೆನ್‌ಟಾಕ್ಟ್ ತಂತ್ರಜ್ಞಾನ. ಆದರೆ ಹುಬ್ಬಳ್ಳಿಯಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಕಲ್ಯಾಣ ಮಂಟಪಕ್ಕೆ ಹೊಂದುವ ಪಿಎ (ಸಭೆ-ಸಮಾರಂಭದ ಧ್ವನಿವರ್ಧಕದ) ಆಂಪ್ಲಿಫೈಯರ್‌ಗಳು, ಇಲ್ಲವೇ ಹೋಮ್ ಥಿಯೇಟರ್ ರಿಸೀವರ್‌ಗಳು ಮಾತ್ರ ಕಂಡವು.

ಅಳತೆಯ ಪಟ್ಟಿ ಓದಿ ಅಷ್ಟು ಹಣ ಸುರಿಯಲು ನನಗೆ ಮನಸ್ಸಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥದೊಂದು ಇದ್ದರೆ, ಒಂದು ಸಂಜೆ ಬಂದು ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಯಲ್ಲಿ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಹೇಗೆ ಕೇಳುತ್ತದೆಂದು ನೋಡಲು ಅವಕಾಶ ಕೊಡುವಿರಾ? ನನ್ನ ಸ್ಪೀಕರ್‌ಗಳು 4 ಓಮ್‌ನವು. ನಮ್ಮ ಓಣಿಯ ವೋಲ್ಟೇಜ್ ಏರಿಳಿತಕ್ಕೆ ಇವುಗಳ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ವಿದ್ಯುತ್ ಪೂರೈಕೆ ಘಟಕ) ತಾಳುತ್ತದೆಯೇ, ಕೆಟ್ಟರೆ ಇಲ್ಲಿಯೇ ದುರಸ್ತಿ ಮಾಡುವವರು ಇದ್ದಾರೆಯೇ ಅಥವಾ ಬೆಂಗಳೂರಿಗೇ ಕಳಿಸಬೇಕೇ ಎಂಬುದನ್ನೂ ಬಳಸಿದವರು ದಯವಿಟ್ಟು ತಿಳಿಸಿ.