ಗುಂಪಿಗೆ ಬಂದ ಲಗ್ನಪತ್ರಿಕೆ: ಭಾನುವಾರದ ಸಭೆಗೆ ಮುನ್ನ

ಕಾರ್ಯದರ್ಶಿ: ಮಾನ್ಯ ನಿವಾಸಿಗಳೇ, ಮಂಗಳವಾರ ಮಧ್ಯಾಹ್ನ ನಮ್ಮ ಸದಸ್ಯರೊಬ್ಬರ ಸಂಖ್ಯೆಯಿಂದ ‘ಮದುವೆಯ ಕರೆಯೋಲೆ’ ಎಂಬ ಫೈಲ್ ನಮ್ಮ ಈ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ಅದನ್ನು ತೆರೆದ ಮೂವರಲ್ಲಿ ಒಬ್ಬರ ಖಾತೆಯಿಂದ ಸಂಜೆಯೊಳಗೆ 48,000 ರೂಪಾಯಿ ಹೋಗಿದೆ. ಆ ಫೈಲ್ ತಮ್ಮ ಮೊಬೈಲಿನಿಂದ ಹೊರಟಿದ್ದು ಆ ಸದಸ್ಯರಿಗೇ ಗೊತ್ತಿರಲಿಲ್ಲವಾದ್ದರಿಂದ ಅವರನ್ನು ದೂರುವ ಸಂದೇಶಗಳನ್ನು ದಯವಿಟ್ಟು ನಿಲ್ಲಿಸಿ.

4ನೇ ಅಡ್ಡರಸ್ತೆಯ ನಿವಾಸಿ: ಹಣ ಕಳೆದುಕೊಂಡವನು ನಾನೇ. ಊಟ ಮುಗಿಸಿ ಒರಗಿಕೊಂಡಿದ್ದೆ, ಕನ್ನಡಕ ಒಳಗಿತ್ತು. ಯಾರ ಮನೆಯ ಮದುವೆಯೋ ನೋಡೋಣವೆಂದು ಒತ್ತಿದಾಗ ‘ಅನುಮತಿಸಿ’ ಎಂದು ಮೂರು ಸಲ ಕೇಳಿತು, ಮೂರು ಸಲವೂ ಒತ್ತಿದೆ. ಹೆಸರಿನ ತುದಿಯಲ್ಲಿ ‘ಎಪಿಕೆ’ ಎಂದಿದ್ದನ್ನು ರಾತ್ರಿ ಮಗ ತೋರಿಸಿದ. ಅಪರಿಚಿತ ಸಂಖ್ಯೆಯಿಂದ ಬಂದಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ.

2ನೇ ಮುಖ್ಯರಸ್ತೆಯ ನಿವಾಸಿ: ಸಾರ್, ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ; ಎಪಿಕೆ ಎಂದರೆ ಆಂಡ್ರಾಯ್ಡ್ ಮೊಬೈಲಿನಲ್ಲಿ ಕೂರುವ ಆ್ಯಪ್. ಎಸ್‌ಎಂಎಸ್ ಓದಲು ಅದಕ್ಕೆ ಒಮ್ಮೆ ಅನುಮತಿ ಸಿಕ್ಕಿತೆಂದರೆ ಒಟಿಪಿಯನ್ನು ಯಾರೂ ನಿಮ್ಮನ್ನು ಕೇಳಬೇಕಾಗಿಲ್ಲ. ಅಪರಿಚಿತ ಮೂಲಗಳಿಂದ ಆ್ಯಪ್ ಹಾಕಿಕೊಳ್ಳುವ ಅನುಮತಿ ವಾಟ್ಸ್‌ಆ್ಯಪ್‌ಗೆ ಇದ್ದರೆ ಇವತ್ತೇ ತೆಗೆದುಹಾಕಿ.

ನಿವೃತ್ತ ಸಮಾಜಶಾಸ್ತ್ರ ಅಧ್ಯಾಪಕರು: ಅಪರಾಧ ನಡೆಯಲು ಮನಸ್ಸು ಮಾಡಿದ ಅಪರಾಧಿ, ಕೈಗೆಟಕುವ ಗುರಿ, ಕಾಯುವವರಿಲ್ಲದ ಸಮಯ ಈ ಮೂರೂ ಒಂದೆಡೆ ಕೂಡಬೇಕೆಂದು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ವಾದಿಸಿದ್ದರು. ಅವರು ನೋಡಿದ್ದು ಹಗಲಲ್ಲಿ ಖಾಲಿ ಬೀಳುವ ಮನೆಗಳನ್ನು. ನಮ್ಮಲ್ಲಿ ಮನೆ ಖಾಲಿಯಿಲ್ಲ, ಆದರೆ ಮಕ್ಕಳು ಕಚೇರಿಗೆ ಹೋದ ಮೇಲೆ ‘ಇದನ್ನು ತೆರೆಯಬಹುದೇ’ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಜೊತೆಗೆ ಹುಟ್ಟುಹಬ್ಬದ ಶುಭಾಶಯಕ್ಕೆಂದು ಎಲ್ಲರ ಹೆಸರು, ಮನೆ ಸಂಖ್ಯೆ, ಮೊಬೈಲ್ ಸಂಖ್ಯೆ, ಜನ್ಮದಿನಾಂಕಗಳ ಪಟ್ಟಿಯನ್ನು ನಾವೇ ಇಲ್ಲಿ ಹಾಕಿದ್ದೇವೆ. ತಯಾರಿಸಿದವನು ನಾನೇ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

1ನೇ ಅಡ್ಡರಸ್ತೆಯ ನಿವಾಸಿ: ಪಟ್ಟಿ ತೆಗೆದರೆ ಶುಭಾಶಯ ಹೇಳುವುದು ಹೇಗೆ, ಮೇಷ್ಟ್ರೇ? ಅದೂ ಅಲ್ಲದೆ ಹಿರಿಯರೇ ಮೋಸಹೋಗುತ್ತಾರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಸೋಫಾ ಮಾರಲು ಹೊರಟ ನನ್ನ ಮಗಳು, ‘ಹಣ ಪಡೆಯಲು’ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದಳು. ಹಣ ಬರಲು ಪಿನ್ ಬೇಕಾಗಿಲ್ಲವೆಂದು ಎಂಜಿನಿಯರಿಂಗ್ ಓದಿದವಳಿಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ನಿವೃತ್ತ ಸಮಾಜಶಾಸ್ತ್ರ ಅಧ್ಯಾಪಕರು: ನಿಮ್ಮ ಮಾತು ನಿಜ. ವಯಸ್ಸಿಗಿಂತ ಅವಸರವೇ ಹೆಚ್ಚು ಕೆಲಸ ಮಾಡಿದೆ. ಪಟ್ಟಿಯಲ್ಲಿ ದಿನ, ತಿಂಗಳು ಇರಲಿ. ಇಸವಿ ಮತ್ತು ಮನೆ ಸಂಖ್ಯೆ ಬೇಡ.

ಕಾರ್ಯದರ್ಶಿ: ಹಳೆಯ ಪಟ್ಟಿಯನ್ನು ಗುಂಪಿನಿಂದ ಅಳಿಸುತ್ತೇನೆ. ಇಳಿಸಿಕೊಂಡವರು ತಮ್ಮ ಮೊಬೈಲಿನಿಂದಲೂ ಅಳಿಸಬೇಕು. ಫೈಲ್ ತೆರೆದ ಇನ್ನಿಬ್ಬರು ಇಂಟರ್ನೆಟ್ ನಿಲ್ಲಿಸಿ, ಬೇರೊಂದು ಫೋನಿನಿಂದ ತಮ್ಮ ಬ್ಯಾಂಕಿಗೆ ಈಗಲೇ ತಿಳಿಸಲಿ. ತಿಳಿಸಿದ ನಂತರ ಹೋಗುವ ಹಣಕ್ಕೆ ಬ್ಯಾಂಕೇ ಹೊಣೆಯೆಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಹಣ ಹೋದವರು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಏಕೆಂದರೆ ಹೋದ ಹಣವನ್ನು ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯಬೇಕು. ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ನಾನೂ ಜೊತೆಗೆ ಬರುತ್ತೇನೆ. ಭಾನುವಾರ ಬೆಳಿಗ್ಗೆ 10ಕ್ಕೆ ಉದ್ಯಾನದ ಮಂಟಪದಲ್ಲಿ ಸೇರೋಣ. ಮೊಬೈಲಿನ ಅನುಮತಿಗಳನ್ನು ಒಂದೊಂದಾಗಿ ನೋಡಬೇಕಿರುವುದರಿಂದ ಕನ್ನಡಕ ತರಲು ಮರೆಯಬೇಡಿ.